ಕರಿಬಟ್ಟೆಯೊಳಗಿನ ಅಪ್ಪ

ಹಳೇ ಕಾಲದ ಕತೆಯೇನೂ ಅಲ್ಲ, ಹೋದ ವರ್ಷದ್ದು. ನಂಬೋರು ನಂಬಿ, ನಂಬದೋರು ಎಲೆಅಡಿಕೆ ಹಾಕ್ಕೊಂಡು ಸುಮ್ಮನೆ ಕೂತಿರಿ.

ಹುಳಿಯಾರಿನ ಬಸ್‌ಸ್ಟ್ಯಾಂಡ್ ಹಿಂದೆ ಒಂದು ಫೋಟೋ ಸ್ಟುಡಿಯೋ. ಅಲ್ಲಿ ಸರ್ವಕ್ಕ, ಅವಳ ಮಗ ಓಂಕಾರಿ. ಗಂಡ ಪಂಚಾಕ್ಷರಪ್ಪ ತೀರಿಕೊಂಡು ಹನ್ನೊಂದು ತಿಂಗಳು. ಪರದೆ ಮೇಲಿನ ಬಣ್ಣದ ಜಲಪಾತ ಅವನು ಬರೆಸಿದ್ದು, ಗಿರಾಕಿಗಳು ಕದಿಯದ ಹಾಗೆ ದಾರ ಕಟ್ಟಿದ ಬಾಚಣಿಗೆ ಅವನು ನೇತುಹಾಕಿದ್ದು. ಅವನ ಕೈಚಳಕ ಮಾತ್ರ ಮಗನಿಗೆ ಬಂದಿರಲಿಲ್ಲ.

ಸರ್ವಕ್ಕನಿಗೆ ಒಂದೇ ಚಿಂತೆ. ವರ್ಷದ ಪೂಜೆಗೆ ಗಂಡನ ಫೋಟೋ ಬೇಕು. ಊರಿಗೆಲ್ಲ ಫೋಟೋ ತೆಗೆದವನದೇ ಒಂದು ಫೋಟೋ ಇಲ್ಲ! ಗುರುತಿನ ಚೀಟಿಯದನ್ನು ಗೋಡೆಗೆ ಹಾಕಿದರೆ ಬಂದವರು ಪೊಲೀಸರಿಗೆ ಫೋನ್ ಮಾಡ್ತಾರೆ, ಹಾಗಿತ್ತು ಅದು. ಉಳಿದದ್ದು ಟ್ರಂಕಿನ ತಳದಲ್ಲಿದ್ದ ಒಂದೇ ಹಳೇ ಚಿತ್ರ, ಅದಕ್ಕೂ ಬೂಷ್ಟು.

"ಅವ್ವಾ! ಫೋಟೋ ತಿದ್ದೋ ಆ್ಯಪ್! ಅರ್ಧಕ್ಕಿಂತ ಕಮ್ಮಿ ಬೆಲೆಗೆ! ಜೊತೆಗೆ ಹನ್ನೆರಡು ಪಾಠ ಪುಕ್ಕಟೆ!" ಅಂತ ಓಂಕಾರಿ ಮೊಬೈಲ್ ಹಿಡಿದು ಕುಣಿದ.

"ತಗೊಳ್ಳಪ್ಪ. ಮೊದಲು ಬೇರೆಯವರ ಫೋಟೋ ಮೇಲೆ ಕೈ ಪಳಗಿಸಿಕೋ. ಆಮೇಲೆ ಅಪ್ಪಂದು."

ಮೊದಲ ಪಾಠದಲ್ಲಿ ಮೊಬೈಲಿನೊಳಗಿನ ಜುಟ್ಟಿನ ಮೇಷ್ಟ್ರು ಹೇಳಿದರು: "ಮುಖದ ಮೇಲೆ ಕಲೆ ಕಂಡರೆ ಒರೆಸಿಬಿಡಿ!" ಓಂಕಾರಿ ಒರೆಸಿದ. ಕೆಂಚೇಗೌಡನ ಮದುವೆಯ ಐವತ್ತನೇ ವರ್ಷದ ಫೋಟೋದಲ್ಲಿ ಹೆಂಡತಿ ಸಾಕಮ್ಮನ ಹಣೆಯ ಕುಂಕುಮ ಒರೆಸಿಬಿಟ್ಟ!

ಗೌಡ ಫೋಟೋ ಹಿಡಿದು ಓಡಿಬಂದ. "ಲೇ, ನಾನಿನ್ನೂ ಬದುಕಿದೀನಿ ಕಣೋ! ಮುಟ್ಟಿ ನೋಡೋ!"

ಓಂಕಾರಿ ಮುಟ್ಟಿ ನೋಡಿದ.

"ಅಯ್ಯೋ ನನ್ನ ಮಂಕೇ!" ಸರ್ವಕ್ಕ ತಲೆ ಚಚ್ಚಿಕೊಂಡಳು. "ಹಣೆ ಬೋಳಾಗಿರಬಾರದು ಕಣೋ! ಬೊಟ್ಟಿಲ್ಲದ ಹಣೆ ಕಂಡರೆ ನೀನೇ ಇಡಬೇಕು!"

"ಹೂಂ ಅವ್ವ."

ಮಾರನೇ ವಾರ ದ್ಯಾಮಕ್ಕ ವಿಮೆಗೆ ಅಂತ ಎಮ್ಮೆ ಫೋಟೋ ತೆಗೆಸಿದಳು. ಓಂಕಾರಿ ಎಮ್ಮೆಯ ಹಣೆ ನೋಡಿದ. ಬೋಳು! ಇಟ್ಟ ನೋಡಿ, ಕಾಸಗಲ ಕುಂಕುಮ. ವಿಮೆಯವರು ಇದು ಬೇರೆ ಎಮ್ಮೆ ಅಂತ ಕಾಗದ ವಾಪಸ್ ಕಳಿಸಿದರು.

"ನನ್ನ ಎಮ್ಮೇನ ಮದುವಣಗಿತ್ತಿ ಮಾಡಿದೀಯಲ್ಲೋ! ಗಂಡು ನೀನೇ ಹುಡುಕು!" ಅಂತ ದ್ಯಾಮಕ್ಕ ಬಾಗಿಲಲ್ಲೇ ಕೂತಳು.

"ಅಯ್ಯೋ ನನ್ನ ಮಂಕೇ! ಫೋಟೋದಲ್ಲಿರೋರನ್ನ ಒಂದು ಮಾತು ಕೇಳೋ! ಅವರು ಹೂಂ ಅಂದರೆ ಮಾತ್ರ ಕೈ ಹಾಕು!"

"ಹೂಂ ಅವ್ವ."

ಪೂಜೆಗೆ ನಾಲ್ಕೇ ದಿನ. ಬೇರೆ ದಾರಿಯಿಲ್ಲದೆ ಸರ್ವಕ್ಕ ಆ ಹಳೇ ಚಿತ್ರ ತೆಗೆದಳು. ಮದುವೆಯಾದ ಹೊಸತರಲ್ಲಿ ಮೊಗ್ಗಿನ ಜಡೆ ಹಾಕಿಕೊಂಡು ಅವಳು ಕೂತದ್ದು. ಜಡೆಯೂ ಕಾಣಲಿ ಅಂತ ಹಿಂದೆ ನಿಲುವುಗನ್ನಡಿ. ಆವತ್ತು ಪಂಚಾಕ್ಷರಪ್ಪ ಹೊಸ ಹೆಂಡತಿಯನ್ನೇ ನೋಡ್ತಾ ಕನ್ನಡಿಯನ್ನು ಒಂದು ಗೇಣು ಓರೆಯಾಗಿ ನಿಲ್ಲಿಸಿದ್ದ. ಹಾಗಾಗಿ ಕನ್ನಡಿಯೊಳಗೆ ಅವನೂ ಬಿದ್ದಿದ್ದ. ಅಂದರೆ, ಕ್ಯಾಮೆರಾವನ್ನೂ ಅವನನ್ನೂ ಸೇರಿಸಿ ಮುಚ್ಚಿದ ಒಂದು ಕರಿಬಟ್ಟೆ, ಅದರ ಕೆಳಗೆ ಸ್ಟ್ಯಾಂಡಿನ ಮೂರು ಕಾಲು, ಅವನ ಎರಡು ಕಾಲು.

"ಇದೊಂದರಲ್ಲೇ ಕಣೋ ನಾವಿಬ್ಬರೂ ಒಟ್ಟಿಗಿರೋದು. ಬೂಷ್ಟು ತೆಗೆದು, ಕನ್ನಡಿಯೊಳಗಿನ ಅಪ್ಪನ್ನ ದೊಡ್ಡದು ಮಾಡಿಕೊಡು. ಮುಖ ಕಾಣದಿದ್ದರೂ ಸೈ, ನಿಂತಿದಾರೆ ಅನ್ನೋದು ಕಂಡರೆ ಸಾಕು."

ಓಂಕಾರಿ ಚಿತ್ರದ ಮುಂದೆ ಕೂತ. "ಅಪ್ಪಾ, ತಿದ್ದಲಾ?" ಒಂದು ದಿನ ಕೇಳಿದ. ಎರಡು ದಿನ ಕೇಳಿದ. ಊಟ ಬಿಟ್ಟು ಕೇಳಿದ.

"ಏನಂದರೋ?"

"ಏನೂ ಅನ್ನಲಿಲ್ಲ ಅವ್ವ."

ಸರ್ವಕ್ಕನಿಗೆ ಅಳು ಬರಬೇಕಿತ್ತು, ನಗು ಬಂತು. "ಬದುಕಿದ್ದಾಗಲೇ ಹತ್ತು ಕೇಳಿದರೆ ಒಂದು ಮಾತು. ಈಗ ಮುಖದ ಮೇಲೆ ಕರಿಬಟ್ಟೆ ಬೇರೆ! ಮಾತಾಡೋದಾದರೂ ಹೇಗಪ್ಪ!"

ಹೌದಲ್ಲ! ಓಂಕಾರಿ ಒಂಬತ್ತನೇ ಪಾಠ ನೋಡಿದ. "ಬೇಡದ್ದರ ಸುತ್ತ ಗೆರೆ ಎಳೆಯಿರಿ, ಒತ್ತಿ, ಮಾಯ!" ಅಂದರು ಜುಟ್ಟಿನ ಮೇಷ್ಟ್ರು. ಬಟ್ಟೆಯ ಸುತ್ತ ಗೆರೆ ಎಳೆದ, ಒತ್ತಿದ. ಬಟ್ಟೆ ಮಾಯ. ಬಟ್ಟೆಯೊಳಗಿದ್ದ ಅಪ್ಪನೂ ಮಾಯ! ಇರಲಿ, ಉಳಿದದ್ದನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸಿದ.

ಪೂಜೆಯ ದಿನ ನೆಂಟರೆಲ್ಲ ಸೇರಿದರು. ಓಂಕಾರಿ ಕಟ್ಟು ತಂದು ನಿಲ್ಲಿಸಿದ. ಗೋಡೆ, ನೆಲ, ಐದು ಕಾಲು.

"ಏನತ್ತಿಗೆ ಇದು? ನಮ್ಮಣ್ಣ ಯಾವಾಗ ಮೇಜಾದ?" ಅಂದ ಮೈದುನ ರೇವಣ್ಣ.

ಸರ್ವಕ್ಕ ಹೊಡೆಯೋಕೆ ಕೈ ಎತ್ತಿದವಳು ಹಾಗೇ ನಿಂತಳು. ಐದರಲ್ಲಿ ಒಂದು ಎಡಗಾಲು, ಅದರ ಹೆಬ್ಬೆರಳು ಮೇಲಕ್ಕೆದ್ದಿತ್ತು.

"ರೇವಣ್ಣ, ನೋಡೋ... ಕ್ಲಿಕ್ ಅನ್ನೋ ಗಳಿಗೇಲಿ ಬೆರಳು ಹೀಗೇ ಎತ್ತೋರು. ಚಪ್ಪಲಿ ಕಳಚಿಬೀಳೋದು. ನಾನು ಮರೆತೇಬಿಟ್ಟಿದ್ದೆ." ಎತ್ತಿದ ಕೈಯಿಂದಲೇ ಆ ಬೆರಳಿಗೆ ವಿಭೂತಿ ಹಚ್ಚಿದಳು.

ರೇವಣ್ಣ ಬಗ್ಗಿ ಆ ಬೆರಳು ನೋಡಿದ. ಓಂಕಾರಿಯ ಕಡೆ ತಿರುಗಿ ಗದರಿದ: "ನಿಂತು ಏನು ನೋಡ್ತೀಯೋ? ಅಪ್ಪನ ಪಾದ, ಅಡ್ಡಬೀಳು! ಹಿರೀಕರು ಏಳು ಅನ್ನೋತನಕ ಏಳಬೇಡ!"

ಓಂಕಾರಿ ಉದ್ದಕ್ಕೆ ಬಿದ್ದ. ಮಂಗಳಾರತಿ ಆಯಿತು, ಎಲೆ ಹಾಕಿದರು, ನೆಂಟರು ಉಂಡು ಕೈತೊಳೆದರು. ಅವನು ಏಳಲಿಲ್ಲ.

"ಏಳೋ ಮಂಕೇ, ಹೋಳಿಗೆ ಆರಿಹೋಯ್ತು!"

"ಇರವ್ವ, ಅಪ್ಪ ಇನ್ನೂ ಅಂದಿಲ್ಲ."

ಇವರು ಅನ್ನೋರಲ್ಲ, ಇವನು ಏಳೋನಲ್ಲ. ಸರ್ವಕ್ಕ ಅವನ ಮೂಗಿನ ಮುಂದೆಯೇ ಎಲೆ ಹಾಕಿ ಪಕ್ಕದಲ್ಲಿ ಕೂತಳು. ಓಂಕಾರಿ ಬಿದ್ದಲ್ಲೇ ಎರಡು ಹೋಳಿಗೆ ತಿಂದ. ಮೂರನೆಯದನ್ನು ಹಾಕಿಸಿಕೊಳ್ಳಲೋ ಬೇಡವೋ ಅಂತ ಅಪ್ಪನನ್ನು ಕೇಳಿದ.