ಇರುಳಜ್ಜಿಯನ್ನು ಹೊತ್ತ ಕುದುರೆ

ಆಗ ಲೋಕ ಇನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಆಗಷ್ಟೇ ತಮ್ಮ ತಮ್ಮ ಜಾಗ ಹಿಡಿದು ಕೂತಿದ್ದವು. ಯಾವ ಕಡೆ ಹರಿಯಬೇಕು ಅಂತ ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಮನುಷ್ಯರು, ಪ್ರಾಣಿಗಳು, ಗಾಳಿ, ನೀರು, ಎಲ್ಲರದೂ ಒಂದೇ ಭಾಷೆ.

ಬಡಗಣದಲ್ಲಿ, ಹಿಮ ಬೀಳುವ ಸೀಮೆಯಲ್ಲಿ, ಕಡಲು ತನ್ನ ಒಂದು ತೋಳನ್ನು ಬೆಟ್ಟಗಳ ನಡುವೆ ಚಾಚಿ ಮಲಗಿತ್ತು. ಅಂಥ ಕಡಲತೋಳಿಗೆ ಆ ಸೀಮೆಯವರು ಫ್ಯೋರ್ಡ್ ಅನ್ನುತ್ತಾರೆ. ಎರಡೂ ಕಡೆ ಗೋಡೆಯಂಥ ಬೆಟ್ಟ. ಬೆಟ್ಟದ ಬುಡದಲ್ಲಿ ಒಂದು ಪಟ್ಟಿ ಹುಲ್ಲು. ಆ ಹುಲ್ಲಿನ ನಡುವೆ ಒಂದು ಮರದ ಮನೆ. ಅದರಲ್ಲಿ ಗೂರೊ ಎಂಬ ಹೆಂಗಸೂ ಅವಳ ಅಣ್ಣ ಸ್ವೇನುಂಗನೂ ಇದ್ದರು.

ಅವರಿಗೆ ಒಂದು ಹೆಣ್ಣು ಕುದುರೆಯಿತ್ತು. ಹೆಸರು ರೀಮಾ. ಗಿಡ್ಡ ಕಾಲು, ಗುಂಡು ಹೊಟ್ಟೆ, ದಪ್ಪ ಕುತ್ತಿಗೆ. ಮೈಯೆಲ್ಲ ಹಾಲಿನ ಮೇಲೆ ಕಟ್ಟಿದ ಕೆನೆಯ ಬಣ್ಣ. ಮೂಗಿನಿಂದ ಬಾಲದ ತುದಿಯವರೆಗೆ ಒಂದು ಕಲೆಯೂ ಇಲ್ಲ.

ಗೂರೊಗೆ ರೀಮಾ ಅಂದರೆ ಜೀವ. ಬೆಳಗಾಗುತ್ತಲೇ ಜೀನೂ ಇಲ್ಲದೆ ಅವಳ ಬೆನ್ನೇರಿ ನೀರಿನ ಅಂಚಿನಲ್ಲೇ ಹೋಗುತ್ತಿದ್ದಳು. ಕೈಯನ್ನು ಕುದುರೆಯ ಕುತ್ತಿಗೆಯ ಕೂದಲೊಳಗೆ ಹುದುಗಿಸಿದರೆ ಎಂಥ ಚಳಿಯಲ್ಲೂ ಬೆರಳು ಬೆಚ್ಚಗಾಗುತ್ತಿತ್ತು. ರೀಮಾ ಓಡುವಾಗ ಗೂರೊಗೆ ತನಗೇ ನಾಲ್ಕು ಕಾಲಿದ್ದ ಹಾಗೆ ಅನ್ನಿಸುತ್ತಿತ್ತು. ಈಗ ರೀಮಾ ತುಂಬಿದ ಗಬ್ಬ. ಗೂರೊ ಅವಳ ಹೊಟ್ಟೆಗೆ ಕಿವಿಯಿಟ್ಟು ಒಳಗಿನ ಮರಿ ಒದೆಯುವುದನ್ನು ಕೇಳುತ್ತಿದ್ದಳು. ಆ ಮರಿ ಈ ಲೋಕಕ್ಕೆ ಬರುವುದನ್ನು ತಾನು ಕಣ್ಣಾರೆ ನೋಡಬೇಕು ಅಂತ ಅವಳಿಗೆ ಬಲು ಆಸೆ.

ಆ ಕಾಲದಲ್ಲಿ ಇರುಳು ಎಂಬಾಕೆ ಒಬ್ಬ ಮುದುಕಿ. ಕರಿಕಂಬಳಿ ಹೊದ್ದು, ಊರಿಂದ ಊರಿಗೆ ನಡೆದೇ ಹೋಗುತ್ತಿದ್ದಳು. ಅವಳು ಬಂದಲ್ಲಿ ಕತ್ತಲು. ಅವಳು ಹೋದ ಮೇಲೆ ಬೆಳಗು. ಬಯಲುಸೀಮೆಗಳನ್ನು ಸುಲಭವಾಗಿ ದಾಟುತ್ತಿದ್ದಳು. ಫ್ಯೋರ್ಡಿನ ಬೆಟ್ಟ ಹತ್ತುವಾಗ ಮಾತ್ರ ಏದುಸಿರು ಬಿಡುತ್ತಿದ್ದಳು. ಆದರೂ ಬರುತ್ತಿದ್ದಳು.

ಒಂದು ಬೇಸಿಗೆ, ಅವಳು ಬರಲಿಲ್ಲ.

ಸೂರ್ಯ ಬೆಟ್ಟದ ನೆತ್ತಿಯ ಮೇಲೇ ಸುತ್ತು ಹಾಕುತ್ತಾ ಉಳಿದ. ಮೊದಮೊದಲು ಎಲ್ಲರಿಗೂ ಖುಷಿಯೇ. ಸ್ವೇನುಂಗ ಉದ್ದ ಹಿಡಿಯ ಕುಡುಗೋಲು ಹಿಡಿದು ಹುಲ್ಲು ಕೊಯ್ದ. ಗೂರೊ ಒಣಹಾಕಿದಳು. ಕೊಯ್ದಷ್ಟೂ ಬೆಳಕಿತ್ತು. ಒಣಹಾಕಿದಷ್ಟೂ ಬೆಳಕಿತ್ತು. ಕೆಲಸ ಮುಗಿಯಿತು ಅನ್ನುವ ಹೊತ್ತೇ ಬರಲಿಲ್ಲ.

ಆಮೇಲೆ ದಣಿವು ಶುರುವಾಯಿತು.

ಹಾಡಿ ಹಾಡಿ ಹಕ್ಕಿಗಳ ಗಂಟಲು ಕಟ್ಟಿತು. ಹೂಗಳು ಮುಚ್ಚಿಕೊಳ್ಳಲು ಮರೆತು ಅರಳಿದಲ್ಲೇ ಬಾಡಿದವು. ಫ್ಯೋರ್ಡಿನ ನೀರು ದಡಕ್ಕೆ ಬಂದು, ಒಂದು ಗಳಿಗೆಯಾದರೂ ಅಲುಗದೆ ಮಲಗಲು ಬಿಡಿ, ಬೆನ್ನು ಉರಿಯುತ್ತಿದೆ ಅಂತ ಗೊಣಗಿತು. ಸ್ವೇನುಂಗ ಕೊಯ್ದ ಜಾಗದಲ್ಲೇ ಮತ್ತೆ ಕುಡುಗೋಲು ಬೀಸುತ್ತಿದ್ದ, ಅಲ್ಲಿ ಹುಲ್ಲಿಲ್ಲ ಅನ್ನುವುದೂ ಅವನಿಗೆ ತಿಳಿಯುತ್ತಿರಲಿಲ್ಲ. ಕಿಟಕಿಗೆ ಚರ್ಮ ಹೊದಿಸಿ ಮಲಗಿ ನೋಡಿದರು. ಕಣ್ಣು ಮುಚ್ಚಿದರೂ ನಿದ್ದೆ ಹತ್ತಲಿಲ್ಲ. ನಿದ್ದೆಯನ್ನು ತರುವವಳೇ ಬಂದಿಲ್ಲವಲ್ಲ.

ಎಲ್ಲರಿಗಿಂತ ಹೆಚ್ಚು ದಣಿದವಳು ರೀಮಾ. ಅವಳ ಕೆಚ್ಚಲು ತುಂಬಿ ಬಿಗಿದಿತ್ತು. ದಿನ ತುಂಬಿ ಎಷ್ಟೋ ಆಗಿತ್ತು. ಆದರೂ ಮರಿ ಹಾಕಲಿಲ್ಲ. ಬೇಲಿಯ ಉದ್ದಕ್ಕೆ ಆ ಕಡೆ, ಈ ಕಡೆ ನಡೆಯುತ್ತಿದ್ದಳು. ನಿಂತು ಆಕಾಶ ನೋಡುತ್ತಿದ್ದಳು. ಮತ್ತೆ ನಡೆಯುತ್ತಿದ್ದಳು.

ಯಾಕೆ ಹೀಗೆ ಅಂತ ಗೂರೊ ಕೇಳಿದಾಗ ರೀಮಾ ತಲೆಯನ್ನು ಅವಳ ಹೆಗಲ ಮೇಲಿಟ್ಟಳು.

“ಈ ಬೆಳಕಲ್ಲಿ ನಾನು ಹೆರಲಾರೆ, ಗೂರೊ. ಮೇಲಿಂದ ಹದ್ದು ನೋಡುತ್ತೆ. ಕಾಡಿಂದ ತೋಳ ನೋಡುತ್ತೆ. ಮರಿ ಎದ್ದು ನಿಲ್ಲುವವರೆಗಾದರೂ ನನಗೆ ಕತ್ತಲು ಬೇಕು.”

“ಇನ್ನೆಷ್ಟು ಹೊತ್ತು ತಡೆಯುತ್ತೀ?”

“ಗೊತ್ತಿಲ್ಲ. ಮರಿ ಈಗೀಗ ಮೆತ್ತಗೆ ಒದೆಯುತ್ತಿದೆ,” ಅಂದಳು ರೀಮಾ.

ಗೂರೊ ಅವಳ ಹೊಟ್ಟೆಗೆ ಕಿವಿಯಿಟ್ಟಳು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಒಂದು ಸಣ್ಣ ಅಲುಗಾಟ.

ಅಷ್ಟರಲ್ಲಿ ಬೆಟ್ಟದ ಮೇಲಿಂದ ಗಾಳಿ ಇಳಿದು ಬಂತು. ಅದೂ ಕಾಲೆಳೆಯುತ್ತಾ ಬಂತು. ಇರುಳಜ್ಜಿಯನ್ನು ಎಲ್ಲಾದರೂ ಕಂಡೆಯಾ ಅಂತ ಗೂರೊ ಕೇಳಿದಳು. ಕಂಡೆ ಅಂತು ಗಾಳಿ. ಬೆಟ್ಟದ ಆಚೆ ಮಗ್ಗುಲಲ್ಲಿ ಒಂದು ಬಂಡೆಗೆ ಒರಗಿ ಕೂತಿದ್ದಾಳೆ, ಮೆಟ್ಟು ಸವೆದು ಹೋಗಿದೆ, ಕಾಲು ಊದಿದೆ. ಎತ್ತಿಕೊಂಡು ಬರೋಣ ಅಂತ ನಾನೂ ನೋಡಿದೆ, ಆದರೆ ಕಂಬಳಿಯ ಕುಚ್ಚು ಹಾರಿತೇ ಹೊರತು ಅಜ್ಜಿ ಕೂತಲ್ಲಿಂದ ಕದಲಲಿಲ್ಲ. ಇಷ್ಟು ಹೇಳಿ ಗಾಳಿ ಹುಲ್ಲಿನ ಮೆದೆಯ ಮೇಲೆ ಬಿದ್ದುಕೊಂಡಿತು.

ತಾನು ಹೋಗಿ ಅಜ್ಜಿಯನ್ನು ಕರೆತರುತ್ತೇನೆ ಅಂದಳು ಗೂರೊ. ಸ್ವೇನುಂಗ ಬೇಡವೆಂದ. ನಿಂತರೆ ತೂಗಾಡುವ ನೀನು ಬೆಟ್ಟ ಹತ್ತುತ್ತೀಯಾ, ಜಾರಿದರೆ ಎತ್ತಲು ನನಗೂ ಶಕ್ತಿಯಿಲ್ಲ ಅಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟು ಮಾಡುವಷ್ಟು ಚೈತನ್ಯವೇ ಉಳಿದಿರಲಿಲ್ಲ.

“ಮರಿ ಒಳಗೇ ಸಾಯುತ್ತೆ, ಅಣ್ಣ,” ಅಂದಳು ಗೂರೊ. “ರೀಮಾಳೂ ಉಳಿಯೋದಿಲ್ಲ.”

ಸ್ವೇನುಂಗ ಒಳಗೆ ಹೋಗಿ ಒಂದು ರೊಟ್ಟಿ ತಂದು ಅವಳ ಕೈಗಿಟ್ಟ.

ಗೂರೊ ಒಂಟಿಯಾಗಿ ಹೊರಟಳು. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಗೊರಸಿನ ಸದ್ದು. ತಿರುಗಿದರೆ ರೀಮಾ. ವಾಪಸು ಹೋಗು ಅಂತ ಗೂರೊ ಗದರಿದಳು, ಬೇಡಿಕೊಂಡಳು. ರೀಮಾ ಕೇಳಲಿಲ್ಲ. ಅಜ್ಜಿಗೆ ನಡೆಯಲಾಗದಿದ್ದರೆ ಬೆನ್ನು ಕೊಡುವವರು ಯಾರು, ನೀನಾ ಅಂತ ಕೇಳಿದಳು. ಗೂರೊ ಅವಳ ಬೆನ್ನೇರಲು ಮನಸ್ಸು ಬರದೆ, ಕುತ್ತಿಗೆಗೆ ಕೈ ಹಾಕಿಕೊಂಡು ಪಕ್ಕದಲ್ಲೇ ನಡೆದಳು. ಸ್ವಲ್ಪ ಹೊತ್ತು ಕುದುರೆ ಅವಳಿಗೆ ಒರಗುತ್ತಿತ್ತು. ಸ್ವಲ್ಪ ಹೊತ್ತು ಅವಳು ಕುದುರೆಗೆ ಒರಗುತ್ತಿದ್ದಳು.

ಕಲ್ಲಿನ ಮೇಲೆ ಕಲ್ಲು. ಏರಿನ ಮೇಲೆ ಏರು. ದಾರಿಯಲ್ಲಿ ಸಿಕ್ಕ ತೊರೆ, ಇಬ್ಬರಿಗೂ ಕುಡಿಯಲು ನೀರು ಕೊಟ್ಟು, ಅಜ್ಜಿ ಸಿಕ್ಕರೆ ನಾನೂ ನಿದ್ದೆಗೆಟ್ಟಿದ್ದೇನೆ ಅಂತ ಹೇಳಿ ಅಂತು. ನೆತ್ತಿ ದಾಟಿ ಆಚೆ ಇಳಿದಾಗ ಒಂದು ದೊಡ್ಡ ಬಂಡೆ ಕಂಡಿತು. ಬಂಡೆಯ ಬುಡದಲ್ಲಿ ಮರದ ನೆರಳಿನಷ್ಟೇ ಅಗಲ ಕತ್ತಲು. ಆ ಕತ್ತಲಲ್ಲಿ ಸಣ್ಣ ಮೈಯ ಒಬ್ಬ ಮುದುಕಿ ಕಾಲು ಚಾಚಿ ಕೂತಿದ್ದಳು.

ಗೂರೊ ಅವಳ ಪಕ್ಕ ಕುಸಿದು ಕೂತಳು. ಏನೇನೋ ಹೇಳಬೇಕು ಅಂದುಕೊಂಡು ಬಂದಿದ್ದಳು. ಆದರೆ ಆ ಊದಿದ ಪಾದಗಳನ್ನು ನೋಡಿದವಳೇ ರೊಟ್ಟಿ ಮುರಿದು ಅರ್ಧ ಕೊಟ್ಟಳು. ಅಜ್ಜಿಯ ಕಾಲನ್ನು ತೊಡೆಯ ಮೇಲೆ ತೆಗೆದುಕೊಂಡು ಮೆಲ್ಲಗೆ ಒತ್ತಿದಳು.

“ಬರೋದಿಲ್ಲ ಅಂತಲ್ಲ, ಮಗಳೇ,” ಅಂದಳು ಇರುಳಜ್ಜಿ. “ಕಾಲು ಬರೋದಿಲ್ಲ.”

ಆಮೇಲೆ ನಿಧಾನವಾಗಿ ತನ್ನ ಕಷ್ಟ ಹೇಳಿಕೊಂಡಳು. ಹೋದಲ್ಲೆಲ್ಲ ಜನರ ಆ ದಿನದ ದಣಿವನ್ನು ಈ ಕಂಬಳಿಯೊಳಗೆ ತುಂಬಿಕೊಳ್ಳುತ್ತಾಳಂತೆ. ಅದಕ್ಕೇ ಬೆಳಿಗ್ಗೆ ಜನ ಹಗುರಾಗಿ ಏಳುವುದು. ಕಂಬಳಿ ಮಾತ್ರ ದಿನದಿಂದ ದಿನಕ್ಕೆ ಭಾರವಾಗುತ್ತಿತ್ತು. ಅವಳು ಬರುತ್ತಲೇ ಎಲ್ಲರೂ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಒಂದು ಗಳಿಗೆ ಕೂತು ಹೋಗಜ್ಜಿ ಅಂತ ಇದುವರೆಗೆ ಯಾರೂ ಅಂದಿರಲಿಲ್ಲ.

ರೀಮಾ ಮುಂದೆ ಬಂದು ಮೊಣಕಾಲೂರಿ ಬೆನ್ನು ತಗ್ಗಿಸಿದಳು. ಅಜ್ಜಿ ಆ ಬೆನ್ನನ್ನು ನೋಡಿದಳೇ ಹೊರತು ಮುಟ್ಟಲಿಲ್ಲ.

“ನನ್ನ ಬಣ್ಣ ಬಿಡುತ್ತೆ,” ಅಂದಳು. “ಒಂದು ಸಲ ಹತ್ತಿದರೆ ಹೋಗೋದಿಲ್ಲ. ಇಷ್ಟು ಚಂದದ ಕುದುರೆ. ಯೋಚನೆ ಮಾಡು, ಮಗಳೇ.”

ಗೂರೊ ಆ ಕೆನೆಬಣ್ಣದ ಮೈಯನ್ನು ನೋಡಿದಳು. ದಿನವೂ ಹುಲ್ಲಿನ ಕುಚ್ಚಿನಿಂದ ಉಜ್ಜಿ ಉಜ್ಜಿ ಹೊಳೆಯಿಸಿದ ಮೈ. ಆಚೆ ದಡದವರು ದೋಣಿ ಹತ್ತಿ ನೋಡಲು ಬರುತ್ತಿದ್ದ ಮೈ. ಅವಳಿಗೆ ಸಂಕಟವಾಯಿತು. ಬಣ್ಣಕ್ಕಿಂತ ಹೆಚ್ಚಾಗಿ, ಅಷ್ಟೊಂದು ಭಾರ ಈ ಗಬ್ಬದ ಕುದುರೆಯ ಮೇಲೆ ಬೀಳುತ್ತದಲ್ಲ ಅನ್ನುವ ಭಯ.

ರೀಮಾ ಮೊಣಕಾಲೂರಿಯೇ ಇದ್ದಳು. “ಹತ್ತಜ್ಜಿ,” ಅಂದಳು. “ಹೀಗೇ ಕೂತರೆ ನನಗೂ ಏಳೋಕೆ ಆಗೋದಿಲ್ಲ.”

ಇರುಳಜ್ಜಿ ಹತ್ತಿದಳು. ಬೀಳುವ ಹೆದರಿಕೆಗೆ ಎರಡೂ ಕೈಯಿಂದ ಕುತ್ತಿಗೆಯ ಕೂದಲನ್ನು ನಡುವಿಗೆ ಸರಿಯಾಗಿ ಹಿಡಿದಳು. ಕರಿಕಂಬಳಿಯ ಒಂದು ತುದಿ ಬೆನ್ನುಮೂಳೆಯ ಮೇಲೆ ಹಾಸಿ ಬಾಲದವರೆಗೆ ಬಂತು. ಕುಚ್ಚುಗಳು ಜೋತು ಮೊಣಕಾಲಿಗೆ ತಾಗಿದವು. ರೀಮಾ ಎದ್ದಾಗ ಅವಳ ನಾಲ್ಕೂ ಕಾಲು ನಡುಗಿದ್ದು ಗೂರೊಗೆ ಕಂಡಿತು.

ಹತ್ತುವಾಗ ಗೂರೊ ಹಿಂದಿನಿಂದ ಹೆಗಲು ಕೊಟ್ಟಳು. ಇಳಿಯುವಾಗ ಮುಂದೆ ನಿಂತು ಎದೆಗೆ ಎದೆ ಕೊಟ್ಟಳು. ನೆತ್ತಿಯಿಂದ ಕೆಳಗೆ ಅವರು ಇಳಿದ ಹಾಗೆಲ್ಲ ಕತ್ತಲೂ ಇಳಿಯಿತು. ಹಕ್ಕಿಗಳು ಸುಮ್ಮನಾದವು. ತೊರೆಯ ಸದ್ದು ತಗ್ಗಿತು.

ಮನೆಯ ಬೇಲಿ ಕಾಣುವಷ್ಟು ಹತ್ತಿರ ಬಂದಾಗ ರೀಮಾ ತಟ್ಟನೆ ನಿಂತಳು. ಅವಳ ಮೈಯೆಲ್ಲ ಬೆವರು. ಹೊಟ್ಟೆ ಕಲ್ಲಿನ ಹಾಗೆ ಬಿಗಿಯುತ್ತಿತ್ತು. ಗೂರೊ ಏನೂ ಹೇಳುವ ಮೊದಲೇ ಅಜ್ಜಿ ತಾನಾಗಿ ಇಳಿದಳು. ಉಳಿದ ದಾರಿಯನ್ನು ಗೂರೊಳ ಹೆಗಲು ಹಿಡಿದು, ಹಲ್ಲು ಕಚ್ಚಿ, ನಡೆದೇ ಬಂದಳು.

ಹುಲ್ಲುಗಾವಲಿನಲ್ಲಿ ಸ್ವೇನುಂಗ ಕುಡುಗೋಲನ್ನು ಪಕ್ಕದಲ್ಲಿಟ್ಟುಕೊಂಡು ಆಗಲೇ ಗೊರಕೆ ಹೊಡೆಯುತ್ತಿದ್ದ. ಫ್ಯೋರ್ಡಿನ ನೀರು ಅಲುಗದೆ ಮಲಗಿತ್ತು. ರೀಮಾ ಹುಲ್ಲಿನ ಮೇಲೆ ಮಗ್ಗುಲಾದಳು. ಗೂರೊ ಅವಳ ತಲೆಯ ಹತ್ತಿರ ಕೂತಳು. ಅಜ್ಜಿ ಇನ್ನೂ ನಿಂತೇ ಇದ್ದಳು.

“ಕೂತ್ಕೋ, ಅಜ್ಜಿ,” ಅಂದಳು ಗೂರೊ.

ಇರುಳಜ್ಜಿ ಅವಳನ್ನೇ ನೋಡಿದಳು. ಆಮೇಲೆ ಪಕ್ಕದಲ್ಲಿ ಕೂತು, ಕಂಬಳಿ ಬಿಡಿಸಿ, ಹೆಂಗಸಿನ ಮೇಲೂ ಕುದುರೆಯ ಮೇಲೂ ಹೊದಿಸಿದಳು. ಗೂರೊ ಕಣ್ಣು ಅಗಲಿಸಿ ಕೂತಳು. ಮರಿ ಬರುವುದನ್ನು ನೋಡಬೇಕು, ಮರಿ ಬರುವುದನ್ನು ನೋಡಬೇಕು ಅಂತ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ನಿದ್ದೆ ಹೋದಳು.

ಎಚ್ಚರವಾದಾಗ ಬೆಳಗಾಗಿತ್ತು. ಅಜ್ಜಿ ಕೂತಿದ್ದ ಕಡೆ ಹುಲ್ಲು ಒತ್ತಿ ಮಲಗಿತ್ತು, ಅವಳು ಇರಲಿಲ್ಲ. ರೀಮಾ ಎದ್ದು ನಿಂತು ಮೇಯುತ್ತಿದ್ದಳು. ಅವಳ ಹಣೆಯ ಕೂದಲಿನಿಂದ ಶುರುವಾಗಿ, ಕುತ್ತಿಗೆಯ ನಡುವೆ, ಬೆನ್ನಿನ ಮೇಲೆ, ಬಾಲದ ತುದಿಯವರೆಗೆ ಒಂದು ಕಪ್ಪು ಗೆರೆ. ಎರಡೂ ಪಕ್ಕ ಹಿಂದಿನ ಹಾಗೇ ಕೆನೆಬಣ್ಣ. ಮೊಣಕಾಲಿನ ಸುತ್ತ ಕುಚ್ಚು ತಾಗಿದ ಕಡೆ ಸಣ್ಣ ಸಣ್ಣ ಪಟ್ಟೆ.

ಗೂರೊ ಹುಲ್ಲಿನ ಕುಚ್ಚನ್ನು ನೀರಲ್ಲಿ ಅದ್ದಿ ಆ ಗೆರೆಯನ್ನು ಉಜ್ಜಿದಳು. ಹೋಗಲಿಲ್ಲ. ಇನ್ನೂ ಬಲವಾಗಿ ಉಜ್ಜಿದಳು. ಹೋಗಲಿಲ್ಲ. ಆಗ ರೀಮಾಳ ಹಿಂದೆ ಏನೋ ಅಲುಗಿತು. ಹೊಟ್ಟೆಯ ಅಡಿಯಿಂದ ಒಂದು ಪುಟ್ಟ ಮೂತಿ ಈಚೆ ಬಂತು. ಮೀಸೆಗೆಲ್ಲ ಹಾಲು ಅಂಟಿತ್ತು. ಉದ್ದುದ್ದ ಕಾಲಿನ ಮೇಲೆ ತೂಗಾಡುತ್ತಾ ಮರಿ ಗೂರೊಳ ಮುಂದೆ ಬಂದು ನಿಂತಿತು. ಅದರ ಹಣೆಯಿಂದ ಬಾಲದವರೆಗೂ ಅದೇ ಗೆರೆ.

ಗೂರೊ ಕೈಯಲ್ಲಿದ್ದ ಹುಲ್ಲನ್ನು ಕೆಳಗೆ ಹಾಕಿದಳು. ಮರಿಯ ಬೆನ್ನಿನ ಮೇಲೆ ಬೆರಳಿಟ್ಟು ಆ ಗೆರೆಯನ್ನೇ ಹಿಡಿದು ಮೆಲ್ಲಗೆ ಸವರಿದಳು. ಅವಳಿಗೆ ಇನ್ನೂ ದಣಿವಿತ್ತು. ಆದರೆ ಅದು ಮಲಗಿದರೆ ಹೋಗುವಂಥ ದಣಿವು.

ಅಂದಿನಿಂದ ಆ ಸೀಮೆಯಲ್ಲಿ ಬೇಸಿಗೆಯ ಇರುಳು ಚಿಕ್ಕದು. ಇರುಳಜ್ಜಿ ಆಗ ಬೆಟ್ಟದಾಚೆ ಕಾಲು ಚಾಚಿ ದಣಿವಾರಿಸಿಕೊಳ್ಳುತ್ತಾಳೆ, ಬಂದರೂ ಬಂದಷ್ಟೇ ಬೇಗ ಹೊರಡುತ್ತಾಳೆ. ಚಳಿಗಾಲದಲ್ಲಿ, ಹುಲ್ಲೆಲ್ಲ ಒಳಗೆ ಸೇರಿ ಜನಕ್ಕೆ ಕೆಲಸವಿಲ್ಲದಾಗ, ಬೇಗ ಬಂದು ತುಂಬ ಹೊತ್ತು ಕೂತು ಹೋಗುತ್ತಾಳೆ. ಅಲ್ಲಿಯ ಜನ ರೀಮಾಳ ಪೀಳಿಗೆಯ ತಮ್ಮ ಫ್ಯೋರ್ಡ್ ಕುದುರೆಗಳ ಕುತ್ತಿಗೆಯ ಕೂದಲನ್ನು ಬಿದಿಗೆ ಚಂದ್ರನ ಹಾಗೆ ಬಾಗಿಸಿ ಕತ್ತರಿಸುತ್ತಾರೆ. ಹೊರಗಿನ ಕೆನೆಬಣ್ಣದ ಕೂದಲನ್ನು ಕೊಂಚ ಗಿಡ್ಡ ಮಾಡಿ, ನಡುವೆ ಅಜ್ಜಿ ಹಿಡಿದುಕೊಂಡಿದ್ದ ಕಪ್ಪು ಕೂದಲು ಎದ್ದು ಕಾಣುವ ಹಾಗೆ ಬಿಡುತ್ತಾರೆ.

ಈಗಲೂ ಫ್ಯೋರ್ಡ್ ಕುದುರೆ ಮರಿ ಹಾಕುವ ಕಾಲ ಬಂದರೆ ಸಾಕಿದವರು ಕಂಬಳಿ ಹೊದ್ದು ಲಾಯದಲ್ಲಿ ಕಾಯುತ್ತಾ ಕೂರುತ್ತಾರೆ; ಅವರ ಕಣ್ಣು ಒಂದು ಗಳಿಗೆ ಹತ್ತಿದಾಗಲೇ ಕುದುರೆ ಮರಿ ಹಾಕುತ್ತದೆ, ಅವರು ಬೆಚ್ಚಿ ಎದ್ದು ನೋಡುವಷ್ಟರಲ್ಲಿ ಹಣೆಯಿಂದ ಬಾಲದವರೆಗೆ ಒಂದು ಗೆರೆ ಇರುಳನ್ನು ಹೊತ್ತುಕೊಂಡು ಮರಿ ಎದ್ದು ನಿಂತಿರುತ್ತದೆ.