ತಲೆನೋವಿನ ಡೈರಿಯ ಖಾಲಿ ಚೌಕಗಳು

ಮೈಸೂರಿನಲ್ಲಿ ವೃಷಭೇಂದ್ರಪ್ಪ ಅಂತ ಒಬ್ಬ ನರರೋಗದ ಡಾಕ್ಟರಿದ್ದರು. ಮೂವತ್ತು ವರ್ಷ ಅವರು ಓದಿದ್ದು, ಬರೆದದ್ದು, ಊರೂರಿಗೆ ಹೋಗಿ ಮಾತಾಡಿದ್ದು ಒಂದೇ ವಿಷಯ: ಅರೆತಲೆನೋವು. ಮೈಗ್ರೇನ್ ಅಂತಾರಲ್ಲ, ಅದೇ. "ಅಯ್ಯೋ, ತಲೆನೋವಿಗೂ ಒಂದು ಸಂಶೋಧನೆಯೇ?" ಅಂತ ನಗಬೇಡಿ. ನಗುವವರಿಗೆ ಅದು ಬಂದಿಲ್ಲ, ಅಷ್ಟೇ.

ಅವರು ಈ ದಾರಿ ಹಿಡಿದದ್ದು ತಾಯಿಯಿಂದಾಗಿ. ತಿಂಗಳಿಗೆ ನಾಲ್ಕಾರು ಸಲ ಆ ತಾಯಿ ಹಣೆಗೆ ಬಟ್ಟೆ ಬಿಗಿದು, ಕಿಟಕಿ ಮುಚ್ಚಿ, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. "ನೆಂಟರು ಬರೋ ದಿನವೇ ಇವಳಿಗೆ ತಲೆನೋವು ಬರುತ್ತೆ ನೋಡಿ" ಅಂತ ಅತ್ತೆ, ನಾದಿನಿ ಆಡಿಕೊಳ್ಳುತ್ತಿದ್ದರು. ಇದನ್ನು ಕೇಳಿ ಕೇಳಿ ಬೆಳೆದ ಮಗ, ತಲೆನೋವು ನೆಪವಲ್ಲ ಅಂತ ಲೋಕಕ್ಕೆ ತೋರಿಸಿಯೇ ತೀರುತ್ತೇನೆ ಎಂದು ಹಟ ತೊಟ್ಟ. ಒಳ್ಳೆಯ ಹಟವೇ.

ಆದರೆ ತೋರಿಸುವುದು ಹೇಗೆ? ಮೂಳೆ ಮುರಿದರೆ ಎಕ್ಸ್‌ರೇ ಉಂಟು, ಜ್ವರಕ್ಕೆ ಥರ್ಮಾಮೀಟರ್ ಉಂಟು. ತಲೆನೋವಿಗೆ ಇರುವುದು ನೊಂದವರ ಮಾತು ಒಂದೇ. ಅದಕ್ಕೆ ಡಾಕ್ಟರು ಒಂದು ಡೈರಿ ಮಾಡಿಸಿದರು. ದಿನಕ್ಕೊಂದು ಚೌಕ. ನೋವು ಎಷ್ಟು ಅಂತ ಒಂದರಿಂದ ಹತ್ತರವರೆಗೆ ಅಂಕಿ ಹಾಕಬೇಕು. ನೋವಿಲ್ಲದಿದ್ದರೆ ಸೊನ್ನೆ. ಕಣ್ಣೆದುರು ಮಿಂಚು ಕುಣಿದರೆ ಚೌಕದ ಮೂಲೆಯಲ್ಲಿ ಒಂದು ಚುಕ್ಕೆ. ಮತ್ತೊಂದು ಕಟ್ಟುನಿಟ್ಟು: ಅಂದಂದಿನದು ಅಂದಂದೇ ಬರೆಯಬೇಕು, ಮಾರನೆಯ ದಿನ ನೆನಪು ಮಾಡಿಕೊಂಡು ತುಂಬಬಾರದು.

ನಮ್ಮ ಜನ ಗೊತ್ತಲ್ಲ. ಮುಕ್ಕಾಲು ಪಾಲು ಮಂದಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇಡೀ ತಿಂಗಳಿನದನ್ನು ಒಂದೇ ಉಸಿರಿಗೆ ತುಂಬುತ್ತಿದ್ದರು. ಸೊನ್ನೆ ಹಾಕುವ ಗೋಜಿಗಂತೂ ಯಾರೂ ಹೋಗುತ್ತಿರಲಿಲ್ಲ. ಹಾಗಾಗಿ ಖಾಲಿ ಚೌಕ ಕಂಡಲ್ಲೆಲ್ಲ ಡಾಕ್ಟರೇ ಕೆಂಪು ಪೆನ್ನಿನಲ್ಲಿ ಸೊನ್ನೆ ಸುತ್ತುತ್ತಿದ್ದರು. ಕ್ರಮೇಣ ಅದೇ ರೂಢಿಯಾಯಿತು.

ಒಮ್ಮೆ ಹೊಸ ಮಾತ್ರೆಯೊಂದರ ಪರೀಕ್ಷೆ ನಡೆಯುತ್ತಿತ್ತು. ಅದಕ್ಕೆ ಸೇರಿದವರಲ್ಲಿ ಚಿಕ್ಕತಾಯಮ್ಮ ಒಬ್ಬಳು. ಊದುಬತ್ತಿ ಕಾರ್ಖಾನೆಯಲ್ಲಿ, ಬತ್ತಿಗಳನ್ನು ಸೆಂಟಿನಲ್ಲಿ ಅದ್ದುವ ಕೋಣೆಯಲ್ಲಿ ಅವಳ ಕೆಲಸ. ಆ ವಾಸನೆ ಮೂಗಿಗೆ ಏರಿದರೆ ಸಾಕು, ತಲೆಯ ಒಂದು ಪಕ್ಕ ಸಿಡಿಯಲು ಶುರು. ಏಳನೇ ಕ್ಲಾಸಿನವರೆಗೆ ಓದಿದವಳು, ಡಾಕ್ಟರ ಮಾತು ಅಂದರೆ ದೇವರ ಮಾತು ಅಂತ ತಿಳಿದವಳು. ದಿನಾ ಪೆನ್ಸಿಲ್ ಹಿಡಿದು ಹೇಳಿದ ಹಾಗೇ ಬರೆದಳು.

ಮೂರನೇ ತಿಂಗಳು ನರ್ಸ್ ಗ್ರೇಸಿ ಅವಳ ಡೈರಿ ಹಿಡಿದುಕೊಂಡು ಒಳಗೆ ಬಂದರು.

"ಡಾಕ್ಟ್ರೇ, ಇದರಲ್ಲಿ ತುಂಬಾ ಖಾಲಿ ಇದೆ. ಹೊರಗೇ ಕೂತಿದ್ದಾಳೆ, ಕರೆದು ಕೇಳಲಾ?"

"ಕೇಳಿದರೆ ಜನ ಏನೋ ಒಂದು ಹೇಳ್ತಾರೆ ಸಿಸ್ಟರ್. ಹಾಳೆಯಲ್ಲಿ ಇದ್ದದ್ದಷ್ಟೇ ಲೆಕ್ಕ. ಖಾಲಿ ಅಂದ್ರೆ ನೋವಿಲ್ಲ ಅಂತ" ಎಂದರು ಡಾಕ್ಟರು. ಹನ್ನೊಂದು ಖಾಲಿ ಚೌಕಗಳಿಗೆ ಹನ್ನೊಂದು ಕೆಂಪು ಸೊನ್ನೆ ಬಿದ್ದವು.

ಹೊರಗಿದ್ದವಳು ಹತ್ತು ನಿಮಿಷ ಬಿಟ್ಟು ತಾನೇ ಒಳಗೆ ಬಂದಳು. ಅವಳಿಗೆ ಬೇಕಾಗಿದ್ದು ಒಂದು ಕಾಗದ. ಸೆಂಟಿನ ಕೋಣೆ ಇವಳಿಗೆ ಆಗದು ಅಂತ ಡಾಕ್ಟರು ಬರೆದುಕೊಟ್ಟರೆ, ಪೊಟ್ಟಣ ಕಟ್ಟುವ ಕಡೆಗೆ ಹಾಕುತ್ತೇನೆ ಅಂತ ಕಾರ್ಖಾನೆಯ ಮೇಸ್ತ್ರಿ ಒಪ್ಪಿದ್ದ.

ಡಾಕ್ಟರು ಡೈರಿ ತಿರುಗಿಸಿ ತೋರಿಸಿದರು. "ನೋಡಮ್ಮ, ಈ ತಿಂಗಳು ನಾಲ್ಕೇ ದಿನ ನೋವು. ಮಾತ್ರೆ ನಿನಗೆ ಚೆನ್ನಾಗಿ ಒಗ್ಗಿದೆ. ಇನ್ನೇನು ತೊಂದರೆ?"

"ಅದು ಹಂಗಲ್ಲ ಸಾರ್, ಆ ದಿನಗಳು..."

"ಗುಣ ಆಗ್ತಿದೆ ಅಂದ್ರೆ ಸಂತೋಷಪಡಬೇಕಮ್ಮ!" ಅಂದವರೇ, 'ನೋವು ಬಹಳ ಕಡಿಮೆಯಾಗಿದೆ, ಈಗಿನ ಕೆಲಸವನ್ನೇ ಮುಂದುವರಿಸಬಹುದು' ಅಂತ ಬರೆದು ಸಹಿ ಹಾಕಿದರು. ಹೊರಗೆ ನಲವತ್ತು ಜನ ಕಾಯುತ್ತಿದ್ದರು.

ಬಾಯಿ ಬಿಟ್ಟು ಹೇಳಬಾರದಿತ್ತೇ ಅಂತ ನೀವು ಕೇಳಬಹುದು. ಬಿಳಿ ಕೋಟಿನ ಮುಂದೆ ನಿಂತು ಒಮ್ಮೆ ಹೇಳಿ ನೋಡಿ, ಆಮೇಲೆ ಮಾತಾಡೋಣ. ಅವಳು ಕೈಮುಗಿದು ಹೋದಳು. ಅಲ್ಲಿಂದ ಮತ್ತೆ ಆಸ್ಪತ್ರೆಯ ಕಡೆ ಬರಲಿಲ್ಲ. ಗುಣವಾದವರು ಯಾಕೆ ಬರುತ್ತಾರೆ ಅಂತ ಡಾಕ್ಟರು ಅಂದುಕೊಂಡರು. ಆ ಮಾತ್ರೆಯ ಬಗ್ಗೆ ಅವರು ಬರೆದ ಪ್ರಬಂಧ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಶಾಲು ಹೊದಿಸಿದರು, ಹಾರ ಹಾಕಿದರು.

ಹದಿನೆಂಟು ವರ್ಷ ಕಳೆಯಿತು. ಡಾಕ್ಟರು ನಿವೃತ್ತರಾದರು. ಕಾಲೇಜಿನಲ್ಲಿ ಪ್ರದರ್ಶನಕ್ಕೆ ಇಡಲು ಒಂದೆರಡು ಹಳೆಯ ಡೈರಿ ಕೊಡಿ ಅಂತ ಶಿಷ್ಯರು ಕೇಳಿದ್ದರಿಂದ, ಒಂದು ಬೆಳಿಗ್ಗೆ ಕಾಫಿ ಕುಡಿದು ಪೆಟ್ಟಿಗೆ ಬಿಚ್ಚಿ ಕೂತರು. ಅಕ್ಷರ ಮುದ್ದಾಗಿರುವ ಡೈರಿ ಯಾವುದು ಅಂತ ಹುಡುಕುತ್ತಾ ಹುಡುಕುತ್ತಾ ಚಿಕ್ಕತಾಯಮ್ಮನದು ಕೈಗೆ ಬಂತು.

ಆ ಹಾಳೆಯಲ್ಲಿ ಎರಡು ಬಗೆಯ ಸೊನ್ನೆಗಳಿದ್ದವು. ಅವರು ಹಾಕಿದ ಕೆಂಪು ಸೊನ್ನೆ ಹನ್ನೊಂದು. ಅವಳೇ ಪೆನ್ಸಿಲಿನಲ್ಲಿ ಗುಂಡಗೆ ಬರೆದ ಸೊನ್ನೆ ಹದಿನೈದು.

ಡಾಕ್ಟರು ಎರಡನ್ನೂ ಮತ್ತೊಮ್ಮೆ ಎಣಿಸಿದರು. ನೋವಿಲ್ಲದ ದಿನ ಇವಳು ಮರೆಯದೆ ಸೊನ್ನೆ ಹಾಕಿದ್ದಾಳೆ. ಹಾಗಾದರೆ ಖಾಲಿ ಬಿಟ್ಟ ದಿನ? ಪ್ರತಿ ಖಾಲಿ ಚೌಕದ ಮೂಲೆಯನ್ನೂ ನೋಡಿದರು. ಒಂದೊಂದರಲ್ಲೂ ಮಿಂಚಿನ ಚುಕ್ಕೆ ಇತ್ತು. ಮಿಂಚು ಬಂದದ್ದನ್ನು ಗುರುತು ಹಾಕಿದ್ದಾಳೆ, ಆಮೇಲೆ ಪೆನ್ಸಿಲ್ ಹಿಡಿಯಲು ಅವಳ ಕೈಲಿ ಆಗಿಲ್ಲ. ಮಿಂಚಿನ ಬೆನ್ನಿಗೇ ನೋವು ಬರುತ್ತದೆ ಅಂತ ಮೂವತ್ತು ವರ್ಷ ಪಾಠ ಹೇಳಿದವರು ಅವರೇ. ನೋವು ಬಂದ ದಿನ ಅವರ ತಾಯಿ, ಮಗ "ನೀರು ಬೇಕಾ ಅಮ್ಮ?" ಅಂದರೂ ಉತ್ತರ ಕೊಡುತ್ತಿರಲಿಲ್ಲ. ಅಂಥ ತಾಯಿಯ ಕೈಗೆ ಡೈರಿ ಕೊಟ್ಟಿದ್ದರೆ ಆಕೆ ಏನು ಬರೆಯುತ್ತಿದ್ದರು? ಖಾಲಿಯೇ ಬಿಡುತ್ತಿದ್ದರು. ಡಾಕ್ಟರು ಅಲ್ಲೇ ಕೂತು ಅತ್ತುಬಿಟ್ಟರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಡೈರಿಯ ಮೇಲೆ ವಿಳಾಸವಿತ್ತು. ಆಟೋ ಹತ್ತಿ ಹೊರಟರು. ಚಿಕ್ಕತಾಯಮ್ಮ ಅದೇ ಮನೆಯಲ್ಲಿದ್ದಳು. ತಲೆ ನರೆತಿತ್ತು. ಗಾಬರಿಯಿಂದ ಎದ್ದು ಕುರ್ಚಿ ಒರೆಸಿ ಹಾಕಿದಳು. ಡಾಕ್ಟರು ಡೈರಿ ತೆರೆದು ಒಂದು ಕೆಂಪು ಸೊನ್ನೆಯ ಮೇಲೆ ಬೆರಳಿಟ್ಟರು.

"ಈ ದಿನ ಏನಾಗಿತ್ತಮ್ಮ?"

"ಅವತ್ತಾ ಸಾರ್? ಪೆನ್ಸಿಲ್ ಎಲ್ಲಿದೆ ಅಂತ ನೋಡೋಕೂ ಕಣ್ಣು ಬಿಡೋಕಾಗ್ತಿರಲಿಲ್ಲ."

"ಮಾರನೇ ದಿನ ಬರೀಬಾರದಿತ್ತೇನಮ್ಮ?"

"ನೀವೇ ಬೇಡ ಅಂದಿದ್ರಲ್ಲ ಸಾರ್."

ಡಾಕ್ಟರು ಡೈರಿ ಮುಚ್ಚಿದರು. "ನಾನು ಕೊಟ್ಟ ಕಾಗದ ಏನಾಯ್ತು?" ಅಂತ ಮೆಲ್ಲಗೆ ಕೇಳಿದರು.

"ಮೇಸ್ತ್ರಿ ಅದನ್ನ ಎಲ್ಲರ ಮುಂದೆ ಓದಿದ ಸಾರ್. ಇನ್ನು ನಾಟಕ ಸಾಕು ಅಂದ. ಮನೇಲೂ ಹಂಗೇ ಅಂದ್ರು. ಎರಡು ವರ್ಷ ಅದೇ ಕೋಣೇಲಿ ದುಡಿದೆ. ಆಮೇಲೆ ಆಗಲಿಲ್ಲ, ಬಿಟ್ಟೆ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಡಾಕ್ಟರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ.

"ತಪ್ಪಾಯ್ತಮ್ಮ. ನಿನ್ನನ್ನ ಒಂದು ಮಾತು ಕೇಳಬೇಕಿತ್ತು" ಎಂದರು.

ಆಗ ಅವರ ಕಣ್ಣು ಒಳಕೋಣೆಯ ಕಡೆ ಹೋಯಿತು. ಹಾಡಹಗಲೇ ಕಿಟಕಿ ಮುಚ್ಚಿತ್ತು. ಇಪ್ಪತ್ತರ ಹುಡುಗಿಯೊಬ್ಬಳು ಹಣೆಗೆ ದುಪ್ಪಟ್ಟಾ ಬಿಗಿದು ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಮಗಳಾ? ತಲೆನೋವೇನಮ್ಮ?" ಅಂತ ಡಾಕ್ಟರು ಬಾಗಿಲಲ್ಲಿ ನಿಂತು ಕೇಳಿದರು.

"ಏನಿಲ್ಲ ಸಾರ್, ನಿದ್ದೆ ಸಾಲದು ಅಷ್ಟೇ" ಎಂದಳು ಹುಡುಗಿ, ತಿರುಗದೆ.

ಚಿಕ್ಕತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಾನೇ ಹೇಳಿಕೊಟ್ಟಿದ್ದು ಸಾರ್. ಯಾರಿಗೂ ಹೇಳಬೇಡ ಅಂತ. ಡಾಕ್ಟ್ರೇ ನೋವಿಲ್ಲ ಅಂತ ಬರೆದ ಮೇಲೆ ಇನ್ಯಾರು ನಂಬ್ತಾರೆ ಅಂತ."

ಡಾಕ್ಟರು ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೆ ತಮ್ಮ ತಪ್ಪನ್ನು ಬರೆದು ಕಳಿಸಿದರು. ಅದು ನಾಲ್ಕು ಸಾಲಿನ ತಿದ್ದುಪಡಿಯಾಗಿ ಕೊನೆಯ ಪುಟದಲ್ಲಿ ಬಂತು. ಆ ಮನೆಗೆ ಮತ್ತೆ ಮೂರು ಸಲ ಹೋದರು. ಹುಡುಗಿ ಪ್ರತಿ ಸಲವೂ ಎದ್ದು ಕೂತು, ಕಣ್ಣು ಕಿರಿದು ಮಾಡಿಕೊಂಡು, ಮರ್ಯಾದೆಯಿಂದ ಅದೇ ಮಾತು ಹೇಳಿದಳು: "ಏನಿಲ್ಲ ಸಾರ್." ಹಾಳೆಯ ಮೇಲಿನ ಸೊನ್ನೆ ಅಳಿಸಬಹುದು. ಇದನ್ನು ಅಳಿಸುವುದು ಹೇಗೆ ಅಂತ ಅವರಿಗೆ ತಿಳಿಯಲಿಲ್ಲ. ನಾಲ್ಕನೇ ಸಲಕ್ಕೆ ಹೊರಟಿದ್ದಾರೆ.

ನೀತಿ: ತೀರಾ ನೊಂದವರಿಗೆ ನೋವನ್ನು ಹೇಳಲೂ ತ್ರಾಣವಿರುವುದಿಲ್ಲ. ಅವರು ಸುಮ್ಮನಿದ್ದಾರೆ ಅಂದ ಮಾತ್ರಕ್ಕೆ ಸುಖವಾಗಿದ್ದಾರೆ ಅಂತ ನೀವೇ ತೀರ್ಮಾನಿಸಬೇಡಿ. ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ, ಅವರು ಇನ್ನೂ ಹೇಳಲು ಸಿದ್ಧರಿರುವಾಗಲೇ ಕೇಳಿ.