ಹೊಳೆಗಲ್ಲಿನ ಬಿಳಿ ಗೆರೆ

ಲೋಕ ಇನ್ನೂ ಹಸಿಯಾಗಿದ್ದಾಗ, ಬೆಟ್ಟಗಳಿಗೆ ತಾವು ಕುಳಿತ ಜಾಗವೇ ಸರಿಯಾಗಿ ಒಗ್ಗದಿದ್ದಾಗ, ಹೊಳೆಯ ಕಲ್ಲುಗಳೆಲ್ಲ ಬರೀ ಕಪ್ಪು. ಒಂದರ ಮೈಮೇಲೂ ಒಂದು ಗೆರೆ ಇರಲಿಲ್ಲ.

ಆ ಹೊಳೆಯ ಪಕ್ಕದ ಹಾಡಿಯಲ್ಲಿ ಕೇತಿ ಎಂಬ ಬೇಟೆಗಾತಿ ಇದ್ದಳು. ಅವಳ ಗುರಿ ತಪ್ಪಿದ್ದೇ ಇಲ್ಲ. ಹಾಡಿಯ ಹನ್ನೊಂದು ಒಲೆಗಳೂ ಅವಳ ಬಾಣವನ್ನೇ ನಂಬಿದ್ದವು.

ಒಂದು ದಿನ, ಬಾಣಕ್ಕೆ ಅಲಗು ಬಡಿದುಕೊಡುವ ಮಸಣಜ್ಜ ಎರಡು ಅಲಗುಗಳನ್ನು ಅವಳ ಮುಂದಿಟ್ಟ. ಒಂದು ಅಗಲವಾಗಿ, ಹಿಂದಕ್ಕೆ ಬಾಗಿದ ಮುಳ್ಳುಗಳಿದ್ದು, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಬಿದಿರೆಲೆಯಷ್ಟು ಸಪೂರ, ನಡುಬೆನ್ನು ದಪ್ಪ, ನೋಡಲು ಏನೇನೂ ಇಲ್ಲ.

"ಸಪೂರದ್ದು ತಗೋ ಮಗಳೇ. ಚೆನ್ನಾಗಿ ಮಸೆದು, ಕೂದ್ಲ ಮೇಲೆ ನೋಡಿ, ಆಮೇಲೆ ಕಾಡಿಗೆ ಹೋಗು" ಅಂದ ಅಜ್ಜ.

ಕೇತಿಯ ಕಣ್ಣು ಅಗಲದ್ದರ ಮೇಲೆಯೇ ನೆಟ್ಟಿತ್ತು. ಅದರಿಂದ ಒಂದು ಎಲೆ ಕೊಯ್ದು ನೋಡಿದಳು, ಕೊಯ್ಯಿತು. ಸಾಕು ಅಂದುಕೊಂಡಳು. ಜಾಣೆಯರೂ ಒಮ್ಮೊಮ್ಮೆ ಹೀಗೆ ಮಾಡುತ್ತಾರೆ, ಏನು ಮಾಡೋಣ!

ಕಾಡಿನಲ್ಲಿ ಅವಳ ಬಾಣ ಒಂದು ಕಡವೆಗೆ ತಗುಲಿತು. ಆದರೆ ಒಳಗಿಳಿಯದೆ ಭುಜದಲ್ಲೇ ಸಿಕ್ಕಿಕೊಂಡಿತು. ಕಡವೆ ಓಡಿತು. ಪೆಟ್ಟು ತಿಂದ ಪ್ರಾಣಿ ಸಿಗುವ ತನಕ ಹೊಡೆದವರ ಬಾಯಿಗೆ ತುತ್ತು ಹೋಗಬಾರದು ಎಂಬುದು ಹಾಡಿಯ ಕಟ್ಟಳೆ. ಕೇತಿ ಹಸಿದುಕೊಂಡೇ ಎರಡು ದಿನ ನೆತ್ತರ ಜಾಡು ಹಿಡಿದು ನಡೆದಳು. ಹೊಳೆಯ ತಿರುವಿನಲ್ಲಿ ಕಡವೆ ನಿಂತಿತ್ತು.

"ಕೊಂದಿದ್ರೆ ನಂಗೆ ಸಿಟ್ಟಿರ್ಲಿಲ್ಲ. ಕೊಲ್ಲದೇ ಬಿಟ್ಟೆಯಲ್ಲ, ಎರಡು ದಿನ ಉರೀತಾ ಇದ್ದೀನಿ" ಅಂದಿತು.

ಕೇತಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಲಗು ಕಿತ್ತಳು. ಕೀಳುವಾಗಲೂ ಆ ಮುಳ್ಳುಗಳು ನೋಯಿಸಿದವು. ಸೊಪ್ಪು ಅರೆದು ಗಾಯಕ್ಕೆ ಹಚ್ಚಿದಳು.

"ನೋವೇ ಗೊತ್ತಾಗದಂಥ ಅಲಗು ಮಾಡ್ಕೊಂಡು ಬಾ. ಅಲ್ಲಿವರೆಗೂ ಕಾಡು ನಿನಗೆ ಮುಚ್ಚಿದೆ" ಎಂದು ಕಡವೆ ಕುಂಟುತ್ತಾ ಹೋಯಿತು.

ಅಂದಿನಿಂದ ಕೇತಿಯ ಕಣ್ಣಿಗೆ ಒಂದು ಮೊಲವೂ ಬೀಳಲಿಲ್ಲ. ಹಾಡಿಯ ಒಲೆಗಳು ಒಂದೊಂದಾಗಿ ತಣ್ಣಗಾದವು. ಮಕ್ಕಳು ಅತ್ತು ಅತ್ತು ಸುಮ್ಮನಾದರು.

ಕೇತಿ ಸಪೂರ ಅಲಗು ಹಿಡಿದು ಹೊಳೆಗಿಳಿದಳು. "ಮಸೆಯೋಕೆ ಯಾರಾದ್ರೂ ಬೆನ್ನು ಕೊಡ್ತೀರಾ?"

"ಮೈ ಸವೆದು ಹೋಗುತ್ತಮ್ಮ, ಆಗಲ್ಲ" ಅಂದವು ದೊಡ್ಡ ಬಂಡೆಗಳು.

ಅಂಗೈಯಗಲದ ಒಂದು ಕಲ್ಲು ಮಾತ್ರ, "ನಂಗೂ ನೋಯುತ್ತೆ ಅಕ್ಕಾ. ಆದ್ರೂ ಮಸೆ" ಅಂದಿತು.

ಕೇತಿ ನೀರು ಚಿಮುಕಿಸಿ ಮಸೆದಳು. ಅಲಗಿನ ಈ ಅಂಚು ಒಮ್ಮೆ, ಆ ಅಂಚು ಒಮ್ಮೆ, ಒಂದೇ ಓರೆಯಲ್ಲಿ, ಒಂದೇ ದಾರಿಯಲ್ಲಿ. ತೋಳಿನ ಕೂದಲಿಗೆ ಹಿಡಿದಳು. ಕೂದಲು ಬಾಗಿತು, ತುಂಡಾಗಲಿಲ್ಲ. ಮತ್ತೆ ಮಸೆದಳು. ಮತ್ತೆ ಬಾಗಿತು. ಮತ್ತೆ ಮಸೆದಳು. ಎಂಥ ತಾಳ್ಮೆ ಅವಳದು, ಎಂಥ ಗಟ್ಟಿ ಮನಸ್ಸು ಆ ಪುಟ್ಟ ಕಲ್ಲಿನದು! ಮೂರನೆಯ ದಿನಕ್ಕೆ ಕಲ್ಲಿನ ಮೈಯಲ್ಲಿ ಆಳವಾದ ಗಾಯ ಬಿದ್ದಿತ್ತು.

ಅಷ್ಟರಲ್ಲಿ ಕಡವೆ ನೀರಿಗೆ ಬಂತು. "ನಿನ್ನ ಕೂದ್ಲಲ್ಲ, ನನ್ನದರ ಮೇಲೆ ನೋಡು" ಎಂದು ಕತ್ತು ಚಾಚಿ ಕಣ್ಣು ಮುಚ್ಚಿತು.

ಕೇತಿ ಉಸಿರು ಹಿಡಿದು ಅಲಗು ತಾಗಿಸಿದಳು.

"ಯಾಕೆ ಸುಮ್ಮನೆ ನಿಂತೆ? ನೋಡು ಬೇಗ" ಅಂದಿತು ಕಡವೆ.

"ಆಗ್ಲೇ ಆಯ್ತು" ಅಂದಳು ಕೇತಿ. ಕಡವೆಯ ಕತ್ತಿನ ಕೂದಲು ಹೊಳೆಯಲ್ಲಿ ತೇಲಿಹೋಗುತ್ತಿತ್ತು.

ಕಡವೆ ಅದನ್ನು ಬಹಳ ಹೊತ್ತು ನೋಡಿತು. "ಕಾಡು ತೆರೀತು. ಬಾ" ಎಂದಿತು.

ಅವತ್ತು ಕೇತಿಗೆ ಬೇಟೆ ಸಿಕ್ಕಿತು, ಹನ್ನೊಂದು ಒಲೆಗಳೂ ಉರಿದವು. ಹೊಳೆ ತನ್ನ ನೊರೆಯನ್ನೆಲ್ಲ ಸೇರಿಸಿ ಪುಟ್ಟ ಕಲ್ಲಿನ ಗಾಯ ತುಂಬಿತು. ನೊರೆ ಅಲ್ಲೇ ಗಟ್ಟಿಯಾಯಿತು. ಅದನ್ನು ಕಂಡು ನಾಚಿದ ಬಂಡೆಗಳೂ ಆಮೇಲೆ ಬೇಟೆಗಾರರಿಗೆ ಬೆನ್ನು ಕೊಟ್ಟವು, ಅವುಗಳ ಗಾಯವನ್ನೂ ಹೊಳೆ ಹಾಗೆಯೇ ತುಂಬಿತು.

ಅದಕ್ಕೇ ಕಂದಾ, ಹೊಳೆಯಲ್ಲಿ ನೀನು ಹೆಕ್ಕುವ ಕಪ್ಪು ಕಲ್ಲಿಗೆ ಇವತ್ತಿಗೂ ಒಂದು ಬಿಳಿ ಗೆರೆ ಇರುತ್ತದೆ. ಇನ್ನೊಬ್ಬರಿಗೆ ನೋವಾಗದಿರಲಿ ಎಂದು ಕಲ್ಲು ತಾನು ನೊಂದ ಜಾಗ ಅದು.